ಆಡಿಷನ್ ಕೋಣೆಯಲ್ಲಿ ಅವರು ಏನನ್ನು ಕೇಳಿಸಿಕೊಳ್ಳುತ್ತಾರೆ?

ಪಾಶ್ಚಾತ್ಯ ಸಂಗೀತದ ಪದವಿಗೆ ಸೇರಲು ಬಂದವರು ನುಡಿಸಿ ಇಲ್ಲವೇ ಹಾಡಿ ತೋರಿಸುವ ಆಯ್ಕೆಯೇ ಆಡಿಷನ್. ಆ ಹತ್ತು ಹದಿನೈದು ನಿಮಿಷಕ್ಕಾಗಿ ಒಂದಿಡೀ ವರ್ಷ ತಯಾರಿ ನಡೆಸಿರುತ್ತೀರಿ. ಬಾಗಿಲು ತೆಗೆದು ಒಳಗೆ ಹೋಗುತ್ತೀರಿ. ಮೇಜಿನ ಆಚೆ ಮೂರ್ನಾಲ್ಕು ಜನ, ಅವರ ಮುಂದೆ ಕಾಗದ, ಪೆನ್ಸಿಲ್. ನುಡಿಸಲು ಶುರು ಮಾಡುತ್ತೀರಿ. ಕೈ ಈಗ ಹದಕ್ಕೆ ಬಂತು ಅನ್ನಿಸುವಷ್ಟರಲ್ಲಿ, "ಸಾಕು, ಥ್ಯಾಂಕ್ಯೂ. ಮುಂದಿನದು ನುಡಿಸಿ" ಅನ್ನುತ್ತಾರೆ. ಅಷ್ಟು ಕಷ್ಟಪಟ್ಟು ಕಲಿತ ಕೊನೆಯ ಪುಟವನ್ನು ಯಾರೂ ಕೇಳುವುದೇ ಇಲ್ಲ.

ಇಂಥ ಕೋಣೆಗಳಲ್ಲಿ ನಾನು ತುಂಬಾ ಸಲ ಕೂತಿದ್ದೇನೆ. ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಸೇರಲು ಬಂದವರಿಗೆ ಪಿಯಾನೋದಲ್ಲಿ ಪಕ್ಕವಾದ್ಯ ನುಡಿಸುವುದು ನನ್ನ ಕೆಲಸ. ಮಧ್ಯದಲ್ಲೇ ನಿಲ್ಲಿಸಿದರು ಅಂತ ಹೊರಗೆ ಬಂದು ಅತ್ತ ಮಕ್ಕಳನ್ನು ನೋಡಿದ್ದೇನೆ. ಅವರಲ್ಲಿ ಕೆಲವರಿಗೆ ಆಮೇಲೆ ಸೀಟು ಸಿಕ್ಕಿದ್ದನ್ನೂ ನೋಡಿದ್ದೇನೆ. ನಿಲ್ಲಿಸಿದರು ಅಂದರೆ ಬೇಡ ಅಂದರು ಅಂತಲ್ಲ. ಆ ಕೃತಿಯಿಂದ ಗೊತ್ತಾಗಬೇಕಾದ್ದು ಗೊತ್ತಾಯಿತು, ಅಷ್ಟೇ. ಇನ್ನೂ ಕೇಳಬೇಕಾದ್ದು ಇದೆ, ಸಮಯ ಕಮ್ಮಿ.

ಹಾಗಾದರೆ ಅವರಿಗೆ ಗೊತ್ತಾಗಬೇಕಾದ್ದು ಏನು? ತಪ್ಪಿಲ್ಲದೆ ನುಡಿಸುತ್ತಾರಾ ಅನ್ನುವುದೇ ಮುಖ್ಯ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ನನಗೆ ಕಂಡ ಹಾಗೆ ಅದು ನಿಜವಲ್ಲ. ಮೇಜಿನ ಆಚೆ ಕೂತವರಲ್ಲಿ ಒಬ್ಬರು ಮುಂದಿನ ಮೂರ್ನಾಲ್ಕು ವರ್ಷ ವಾರಕ್ಕೊಂದು ಸಲ ನಿಮ್ಮ ಜೊತೆ ಒಂದು ಸಣ್ಣ ಕೋಣೆಯಲ್ಲಿ ಕೂರಬೇಕಾದವರು. 'ಇವರಿಗೆ ನಾನು ಕಲಿಸಬಹುದಾ? ಹೇಳಿದ್ದು ಇವರ ಕಿವಿಗೆ ಬೀಳುತ್ತದಾ? ನಾಲ್ಕು ವರ್ಷ ಆದ ಮೇಲೆ ಇವರು ಎಲ್ಲಿರುತ್ತಾರೆ?' ಅವರು ಕೇಳಿಸಿಕೊಳ್ಳುವುದು ಇದನ್ನು. ಆಡಿಷನ್ ಅನ್ನು ಪರೀಕ್ಷೆ ಅಂತ ನೋಡುವುದಕ್ಕಿಂತ ಮೊದಲ ಪಾಠ ಅಂತ ನೋಡಿದರೆ, ಅದರ ಒಂದೊಂದು ನಿಯಮವೂ ಯಾಕಿದೆ ಅಂತ ತಾನಾಗಿ ಅರ್ಥವಾಗುತ್ತದೆ.

ಸೀಟಿನ ಲೆಕ್ಕ

ಮೊದಲು ಮನಸ್ಸಿಗೆ ಕಹಿಯಾದರೂ ತಿಳಿದಿರಲೇಬೇಕಾದ ಒಂದು ಮಾತು. ಸೀಟು ಸಿಗುವುದು, ಬಿಡುವುದು ನಿಮ್ಮ ಕೈಯಲ್ಲಿ ಪೂರ್ತಿ ಇರುವುದಿಲ್ಲ.

ವಾದ್ಯ ಅಥವಾ ಗಾಯನವನ್ನು ಒಬ್ಬೊಬ್ಬರಿಗೇ ಕೂರಿಸಿಕೊಂಡು ಕಲಿಸುತ್ತಾರೆ. ಹಾಗಾಗಿ ಒಬ್ಬ ಅಧ್ಯಾಪಕರ ಬಳಿ ಇಂತಿಷ್ಟೇ ಶಿಷ್ಯರು ಇರಲು ಸಾಧ್ಯ. ಈ ವರ್ಷ ಓದು ಮುಗಿಸಿ ಹೊರಗೆ ಹೋಗುವವರು ಇಬ್ಬರು ಅಂದರೆ ಖಾಲಿಯಾಗುವ ಜಾಗ ಎರಡೇ. ಇದರ ಮೇಲೆ ಆರ್ಕೆಸ್ಟ್ರಾದ ಲೆಕ್ಕ ಬೇರೆ. ದೊಡ್ಡ ಆರ್ಕೆಸ್ಟ್ರಾಕ್ಕೆ ಮೂವತ್ತರ ಹತ್ತಿರ ವಯಲಿನ್ ಬೇಕು. ಕೊಳಲು, ಓಬೋ, ಕ್ಲಾರಿನೆಟ್, ಬಸ್ಸೂನ್‌ನಂಥ ಊದುವ ವಾದ್ಯ ಮಾತ್ರ ಒಂದೊಂದೂ ಎರಡೋ ಮೂರೋ ನಾಲ್ಕೋ ಸಾಕು. ಅಮೆರಿಕದ ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಸಂಸ್ಥೆಯನ್ನೇ ನೋಡಿ. 1924ರಲ್ಲಿ ಶುರುವಾದ ಈ ಸಂಸ್ಥೆ 1928ರಿಂದ ಯಾರಿಂದಲೂ ಬೋಧನಾ ಶುಲ್ಕ ತೆಗೆದುಕೊಂಡಿಲ್ಲ. ಅಲ್ಲಿರುವ ಒಟ್ಟು ವಿದ್ಯಾರ್ಥಿಗಳು ಸುಮಾರು 160. ಒಂದು ಆರ್ಕೆಸ್ಟ್ರಾ, ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ವಿಭಾಗ, ಜೊತೆಗೆ ಪಿಯಾನೋ, ಸಂಗೀತ ರಚನೆಯಂಥ ಕೆಲವು ವಿಭಾಗ ನಡೆಸಲು ಎಷ್ಟು ಜನ ಬೇಕೋ ಅಷ್ಟೇ ಜನ. ಅಂಥ ಕಡೆ ಒಂದು ವರ್ಷ ಕೊಳಲಿನ ಜಾಗ ಖಾಲಿಯಾಗದಿದ್ದರೆ, ಎಷ್ಟು ಚೆನ್ನಾಗಿ ನುಡಿಸಿದರೂ ಕೂರಿಸಲು ಕುರ್ಚಿ ಇರುವುದಿಲ್ಲ.

1832ರಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬ ಇಟಲಿಯ ಮಿಲಾನ್ ಸಂಗೀತ ಶಾಲೆಗೆ ಸೇರಲು ಬಂದ. ಪಿಯಾನೋ ನುಡಿಸಿ ತೋರಿಸಿದ, ತಾನು ಬರೆದ ಸಂಗೀತವನ್ನೂ ಕೊಟ್ಟ. ಸೀಟು ಕೊಡಲಿಲ್ಲ. ವಯಸ್ಸು ಜಾಸ್ತಿಯಾಗಿತ್ತು, ಪಿಯಾನೋ ಮೇಲೆ ಕೈ ಇಡುವ ರೀತಿ ಸರಿ ಇರಲಿಲ್ಲ, ಮೇಲಾಗಿ ಅವನು ಬೇರೆ ರಾಜ್ಯದವನು. ರಚನೆಯಲ್ಲಿ ಮುಂದೆ ಬರಬಹುದು ಅಂತ ಅವರೇ ಬರೆದಿಟ್ಟಿದ್ದರು. ಆದರೂ ಇಲ್ಲ ಅಂದರು. ಆ ಹುಡುಗ ಮುಂದೆ ಹೆಸರಾಂತ ಒಪೆರಾ ರಚನಕಾರನಾದ ಜುಸೆಪ್ಪೆ ವರ್ಡಿ. ಇವತ್ತು ಆ ಶಾಲೆಗೆ ಅವನದೇ ಹೆಸರು. ಅಲ್ಲಿ ಕೂತವರಿಗೆ ಸಂಗೀತ ತಿಳಿಯುತ್ತಿರಲಿಲ್ಲ ಅಂತ ನನಗೆ ಅನ್ನಿಸುವುದಿಲ್ಲ. ಅವರು ಕೇಳಿಕೊಂಡ ಪ್ರಶ್ನೆ 'ಇವನು ಸಂಗೀತಗಾರನಾ' ಅನ್ನುವುದಾಗಿರಲಿಲ್ಲ, 'ನಮ್ಮ ಈ ತರಗತಿಗೆ ಇವನು ಹೊಂದುತ್ತಾನಾ' ಅನ್ನುವುದಾಗಿತ್ತು. ಇವತ್ತಿಗೂ ಪ್ರಶ್ನೆ ಅದೇ.

ಆದ್ದರಿಂದ ಒಂದೇ ಕಡೆ ಅರ್ಜಿ ಹಾಕಿ ಕೂರಬೇಡಿ. ಅರ್ಜಿ ಹಾಕುವ ಮೊದಲು, ಸಾಧ್ಯವಾದರೆ, ನೀವು ಕಲಿಯಲು ಬಯಸುವ ಅಧ್ಯಾಪಕರ ಹತ್ತಿರ ಒಂದು ಪ್ರಾಯೋಗಿಕ ಪಾಠ ಕೇಳಿ. ತುಂಬಾ ಜನ ಒಪ್ಪುತ್ತಾರೆ. ಮುಂದಿನ ವರ್ಷ ಅವರ ಹತ್ತಿರ ಎಷ್ಟು ಜಾಗ ಇರಬಹುದು ಅಂತ ಅಲ್ಲೇ ವಿನಯವಾಗಿ ವಿಚಾರಿಸಬಹುದು. ಅವರು ಕಲಿಸುವ ರೀತಿ ನಿಮಗೆ ಒಗ್ಗುತ್ತದಾ ಅನ್ನುವುದೂ ಗೊತ್ತಾಗುತ್ತದೆ. ಆರಿಸುವವರು ಅವರು ಮಾತ್ರ ಅಲ್ಲ, ನೀವೂ ಹೌದು ಅಲ್ವಾ?

ಯಾವ ಪದವಿಗೆ, ಯಾವ ಆಡಿಷನ್

ಸಂಗೀತದ ಪದವಿ ಅಂದರೆ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ ಬ್ಯಾಚುಲರ್ ಆಫ್ ಮ್ಯೂಸಿಕ್ ಅಂದರೆ ಓದಿನ ಸುಮಾರು ಮೂರನೇ ಎರಡು ಭಾಗ ಸಂಗೀತವೇ. ಸಂಗೀತವನ್ನೇ ಮುಖ್ಯ ವಿಷಯವಾಗಿ ತಗೊಂಡ ಬಿಎ ಪದವಿಯಲ್ಲಿ ಸಂಗೀತದ ಪಾಲು ಇದಕ್ಕಿಂತ ತುಂಬಾ ಕಮ್ಮಿ, ಉಳಿದದ್ದು ಬೇರೆ ವಿಷಯಗಳು. ಮೊದಲನೆಯದಕ್ಕೆ ಆಡಿಷನ್ನೇ ಜೀವಾಳ. ಎರಡನೆಯದಕ್ಕೆ ಕೆಲವು ಕಡೆ ಆಡಿಷನ್ನೇ ಇರುವುದಿಲ್ಲ, ಇನ್ನು ಕೆಲವು ಕಡೆ ರೆಕಾರ್ಡಿಂಗ್ ಕಳಿಸಿದರೆ ಸಾಕು. ಸಂಗೀತ ಶಿಕ್ಷಕರಾಗಲು ಓದುವವರನ್ನು ಮಾತಾಡಿಸಿ ನೋಡುವುದು ಜಾಸ್ತಿ. ರಚನೆಗೆ ಸೇರುವವರು ತಾವು ಬರೆದ ಸ್ವರಲಿಪಿಯ ಕಡತ ಕಳಿಸಬೇಕು. ಜಾಝ್‌ನವರು ಎಲ್ಲರಿಗೂ ಗೊತ್ತಿರುವ ಹಾಡುಗಳನ್ನು ನುಡಿಸಿ, ಅಲ್ಲಲ್ಲೇ ಕಲ್ಪಿಸಿಕೊಂಡು ಬೆಳೆಸಿ ತೋರಿಸಬೇಕು.

ಕಾಲದ ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನ ಕನ್ಸರ್ವೇಟರಿಗಳಿಗೆ, ಅಂದರೆ ಸಂಗೀತಕ್ಕೇ ಮೀಸಲಾದ ಕಾಲೇಜುಗಳಿಗೆ, ಅರ್ಜಿಯ ಗಡುವು ಅಕ್ಟೋಬರ್ ಮೊದಲ ವಾರದಲ್ಲೇ ಮುಗಿಯುತ್ತದೆ, ಆಡಿಷನ್ ಹೆಚ್ಚಾಗಿ ನವೆಂಬರ್, ಡಿಸೆಂಬರ್‌ನಲ್ಲಿ. ಅಮೆರಿಕದಲ್ಲಿ ಮೊದಲ ಸುತ್ತಿನ ರೆಕಾರ್ಡಿಂಗ್‌ಗೆ ಡಿಸೆಂಬರ್ 1ರ ಆಸುಪಾಸಿನ ಗಡುವು, ಎದುರು ಕೂತು ನುಡಿಸುವುದು ಜನವರಿಯಿಂದ ಮಾರ್ಚ್‌ವರೆಗೆ. ಅಂದರೆ ಕೃತಿಗಳನ್ನು ಅದರ ಹಿಂದಿನ ಬೇಸಿಗೆಯಲ್ಲೇ ಕೈಗೆ ತಂದುಕೊಂಡಿರಬೇಕು. ಬೇರೆ ದೇಶಗಳ ಕ್ಯಾಲೆಂಡರ್ ಬೇರೆ. ಆಯಾ ಸಂಸ್ಥೆ ಏನು ಕೇಳಿದೆ ಅನ್ನುವುದನ್ನು ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದಿಟ್ಟುಕೊಳ್ಳಿ. ಒಂದು ಕಡೆ ಬಾಯಿಪಾಠ ಕೇಳುತ್ತಾರೆ, ಇನ್ನೊಂದು ಕಡೆ ಹಾಳೆ ನೋಡಿ ನುಡಿಸಬಹುದು. ಒಂದು ಕಡೆ ಎಲ್ಲ ಸ್ಕೇಲ್‌ಗಳು (ಸ್ವರಗಳ ಆರೋಹಣ, ಅವರೋಹಣ) ಬೇಕು, ಇನ್ನೊಂದು ಕಡೆ ಸ್ಕೇಲ್ ಕೇಳುವುದೇ ಇಲ್ಲ. ಈ ಹಾಳೆ ಇಲ್ಲದೆ ಗೊಂದಲವಾಗುವುದು ಖಂಡಿತ.

ಏನು ನುಡಿಸಬೇಕು

ಸಾಮಾನ್ಯವಾಗಿ ಎರಡು ಅಥವಾ ಮೂರು ಕೃತಿ ಕೇಳುತ್ತಾರೆ, ಒಂದರ ಗುಣ ಇನ್ನೊಂದಕ್ಕೆ ಇರಬಾರದು. ಪಿಯಾನೋದವರಿಗೆ ಬಾಖ್‌ನ ಒಂದು ಕೃತಿ, ಮೊಜಾರ್ಟ್‌ನಂಥವರ ಶಾಸ್ತ್ರೀಯ ಕಾಲದ ಒಂದು ಸೊನಾಟಾ (ಹಲವು ಭಾಗಗಳ ವಾದ್ಯಕೃತಿ), ಶೋಪಾನ್‌ನದೋ ಲಿಸ್ಟ್‌ನದೋ ಒಂದು ಎಟ್ಯೂಡ್ (ಕೈ ಪಳಗಿಸುವ ಅಭ್ಯಾಸ ಕೃತಿ) ಅಂತ ಪಟ್ಟಿ ಇರುತ್ತದೆ. ವಯಲಿನ್‌ನವರಿಗೆ ಬಾಖ್ ಒಂಟಿ ವಯಲಿನ್‌ಗೆ ಬರೆದದ್ದು, ಒಂದು ಕನ್ಚರ್ಟೋದ (ಆರ್ಕೆಸ್ಟ್ರಾ ಜೊತೆ ಒಬ್ಬರು ಮುಖ್ಯವಾಗಿ ನುಡಿಸುವ ಕೃತಿ) ಭಾಗ, ಒಂದು ಎಟ್ಯೂಡ್. ಈ ಪಟ್ಟಿಯನ್ನು ಸುಮ್ನೆ ಮಾಡಿರುವುದಿಲ್ಲ. ಬಾಖ್ ಕೃತಿಯಲ್ಲಿ ಎರಡು ಮೂರು ಧಾರೆ ಒಟ್ಟಿಗೆ ಹರಿಯುತ್ತವೆ. ನೀವು ಅವನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೀರಾ, ಇಲ್ಲ ಬೆರಳು ಮಾತ್ರ ಓಡುತ್ತಿದೆಯಾ ಅನ್ನುವುದು ಅಲ್ಲಿ ಬಯಲಾಗುತ್ತದೆ. ಮೊಜಾರ್ಟ್‌ನಲ್ಲಿ ಸ್ವರಗಳೇ ಕಮ್ಮಿ. ಒಂದು ಸ್ವರ ಸ್ವಲ್ಪ ಶ್ರುತಿ ತಪ್ಪಿದರೂ, ಒಂದು ವಾಕ್ಯದ ಕೊನೆ ಸ್ವಲ್ಪ ಒರಟಾದರೂ ಮರೆಮಾಡಲು ಏನೂ ಇರುವುದಿಲ್ಲ. ಎಟ್ಯೂಡ್ ಕೈಯ ತಾಕತ್ತನ್ನು ನೇರವಾಗಿ ತೋರಿಸುತ್ತದೆ. ಮೂರೂ ಸೇರಿದರೆ ಕಿವಿ, ರುಚಿ, ಕೈ ಮೂರೂ ಕಾಣುತ್ತವೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಕೈಗೆ ಮೀರಿದ ಕೃತಿ ಹಿಡಿಯುವುದು. ಕಷ್ಟದ ಕೃತಿ ನುಡಿಸಿದರೆ ಒಳ್ಳೆಯ ಅಭಿಪ್ರಾಯ ಬರುತ್ತದೆ ಅನ್ನುವ ನಂಬಿಕೆ. ಬರುವುದಿಲ್ಲ. ಕೃತಿಯ ಜೊತೆ ಗುದ್ದಾಡುತ್ತಿರುವವರಲ್ಲಿ ಸಂಗೀತ ಕೇಳಿಸುವುದಿಲ್ಲ, ಗುದ್ದಾಟ ಮಾತ್ರ ಕೇಳಿಸುತ್ತದೆ. ಗಾಯಕರ ವಿಷಯದಲ್ಲಂತೂ ಇದು ಇನ್ನೂ ಗಂಭೀರ. ಹದಿನೇಳು ಹದಿನೆಂಟರ ಗಂಟಲು ಇನ್ನೂ ಬೆಳೆಯುತ್ತಿರುತ್ತದೆ. ಇಪ್ಪತ್ತು ದಾಟಿದ ಮೇಲೂ ಧ್ವನಿ ಬಲಿಯುತ್ತಲೇ ಇರುತ್ತದೆ. ದೊಡ್ಡ ಆರ್ಕೆಸ್ಟ್ರಾದ ಮೇಲೆ ಹಾಡಲು ಬರೆದ ಭಾರಿ ಒಪೆರಾ ಹಾಡನ್ನು ಆ ವಯಸ್ಸಿನವರು ಎತ್ತಿಕೊಂಡರೆ ಮೇಜಿನ ಆಚೆಯವರಿಗೆ ಮೆಚ್ಚುಗೆಗಿಂತ ಆತಂಕ ಜಾಸ್ತಿ ಆಗುತ್ತದೆ. ಎರಡು ಪುಟದ ಹಳೆಯ ಇಟಾಲಿಯನ್ ಹಾಡೊಂದನ್ನು ಮಾತಿನ ಅರ್ಥ ತಿಳಿದು, ಉಸಿರು ಹಿಡಿತದಲ್ಲಿಟ್ಟು ಹಾಡಿದರೆ ಅದೇ ಸಾಕು. ಮಾತಿನ ಅರ್ಥ ಅಂದೆ. ಪದಪದದ ಅರ್ಥ ತಿಳಿದಿರಬೇಕು. ಅವರು ಕೇಳಿಯೇ ಕೇಳುತ್ತಾರೆ.

ಇನ್ನೊಂದು. ಮೊದಲು ಯಾವುದನ್ನು ನುಡಿಸಬೇಕು ಅನ್ನುವ ಆಯ್ಕೆಯನ್ನು ತುಂಬಾ ಕಡೆ ನಿಮಗೇ ಬಿಡುತ್ತಾರೆ, ಎರಡನೆಯದನ್ನು ಅವರು ಹೇಳುತ್ತಾರೆ. ತಣ್ಣಗಿನ ಕೈಯಲ್ಲೂ, ಎದೆ ಹೊಡೆದುಕೊಳ್ಳುತ್ತಿರುವಾಗಲೂ ನೆಟ್ಟಗೆ ಬರುವ ಕೃತಿಯನ್ನು ಮೊದಲಿಗೆ ಇಟ್ಟುಕೊಳ್ಳಿ. ಎಲ್ಲ ಕೃತಿಗಳನ್ನೂ ಮಧ್ಯದಿಂದ ಶುರು ಮಾಡುವುದನ್ನು ಕಲಿತಿರಿ. "ಮೂರನೇ ಪುಟದಿಂದ ನುಡಿಸಿ" ಅಂದಾಗ ಮೊದಲಿಂದ ಮನಸ್ಸಿನಲ್ಲೇ ಓಡಿಸಿಕೊಂಡು ಅಲ್ಲಿಗೆ ಬರುವವರನ್ನು ನೋಡಿದ್ದೇನೆ. ಅಷ್ಟರಲ್ಲಿ ಗಾಬರಿ ಏರಿರುತ್ತದೆ.

ರೆಕಾರ್ಡಿಂಗ್

ಮೊದಲ ಸುತ್ತಿನ ಸೋಸುವಿಕೆ ಈಗ ಹೆಚ್ಚಾಗಿ ವಿಡಿಯೋ ಮೇಲೆಯೇ ನಡೆಯುತ್ತದೆ. ಒಂದು ಕೃತಿಯನ್ನು ಮೊದಲಿಂದ ಕೊನೆಯವರೆಗೆ ಒಂದೇ ಸಲಕ್ಕೆ, ಕತ್ತರಿ ಹಾಕದೆ ಕಳಿಸಬೇಕು. ಕೈಯೂ ಮುಖವೂ ಕಾಣಬೇಕು. ಪಿಯಾನೋ ಆದರೆ ಬಲಪಕ್ಕದಿಂದ, ಕೀಲಿಮಣೆ ಪೂರ್ತಿ ಕಾಣುವ ಹಾಗೆ.

ತಾಂತ್ರಿಕವಾಗಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ. ಫೋನ್‌ಗಳು ಮಾತು ಹಿಡಿಯಲೆಂದು ತಯಾರಾದವು. ಮೆಲ್ಲಗಿನ ಸದ್ದು ಬಂದರೆ ತಾವಾಗಿಯೇ ಏರಿಸುತ್ತವೆ, ಜೋರು ಸದ್ದು ಬಂದರೆ ಇಳಿಸುತ್ತವೆ. ನೀವು ತಿಂಗಳುಗಟ್ಟಲೆ ಕೂತು ತಿದ್ದಿದ ಏರಿಳಿತವೆಲ್ಲ ಒಂದೇ ಮಟ್ಟಕ್ಕೆ ಬಂದುಬಿಡುತ್ತದೆ. ಕೇಳುವವರಿಗೆ ನೀವು ಭಾವವಿಲ್ಲದೆ ನುಡಿಸಿದ ಹಾಗೆ ಅನ್ನಿಸುತ್ತದೆ. ಆ ಸೌಲಭ್ಯವನ್ನು ನಿಲ್ಲಿಸಲು ಬಿಡುವ ಆ್ಯಪ್ ಬಳಸಿ, ಅಥವಾ ಒಂದು ಪುಟ್ಟ ರೆಕಾರ್ಡರ್ ಎರವಲು ತನ್ನಿ. ದುಬಾರಿ ಸ್ಟುಡಿಯೋ ಬೇಕಿಲ್ಲ. ಪಿಯಾನೋ ಶ್ರುತಿ ಸರಿ ಇರಲಿ, ಕೋಣೆ ತೀರಾ ಚಿಕ್ಕದಾಗದಿರಲಿ. ಒಂದು ಸಂಜೆಗೆ ಮೂರು ಸಲಕ್ಕಿಂತ ಜಾಸ್ತಿ ಪ್ರಯತ್ನ ಬೇಡ. ಹತ್ತನೆಯ ಸಲದ ರೆಕಾರ್ಡಿಂಗ್‌ನಲ್ಲಿ ತಪ್ಪು ಇಲ್ಲದಿರಬಹುದು, ಆದರೆ ಜೀವವೂ ಇರುವುದಿಲ್ಲ.

ಮೊದಲ ನೋಟಕ್ಕೆ ಓದುವುದು

ಹೆಚ್ಚಿನವರಿಗೆ ಅತಿ ಭಯ ಇದರ ಬಗ್ಗೆಯೇ. ಕಂಡು ಕೇಳರಿಯದ ಒಂದು ಪುಟ ಮುಂದಿಡುತ್ತಾರೆ. ನೋಡಿಕೊಳ್ಳಲು ಸ್ವಲ್ಪ ಸಮಯ, ಆಮೇಲೆ ನುಡಿಸಬೇಕು. ಬ್ರಿಟನ್ನಿನ ಎಬಿಆರ್‌ಎಸ್‌ಎಂ ಅನ್ನುವ ಸಂಗೀತ ಪರೀಕ್ಷಾ ಮಂಡಳಿಯ ಗ್ರೇಡ್ ಪರೀಕ್ಷೆಗಳಲ್ಲಿ ಕೊಡುವುದು ಅರ್ಧ ನಿಮಿಷ. ಆಡಿಷನ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಅಂದುಕೊಂಡು ತಯಾರಾಗಿ. ಇದು ಹಳೆಯ ಪದ್ಧತಿ. ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಕ್ಲಾರಿನೆಟ್ ವಿದ್ಯಾರ್ಥಿಗಳ 1910ರ ಪರೀಕ್ಷೆಗೆ ಮೊದಲ ನೋಟಕ್ಕೆ ಓದುವ ಪುಟ್ಟ ಕೃತಿಯನ್ನು ಬರೆದುಕೊಟ್ಟವರು ಸ್ವತಃ ಹೆಸರಾಂತ ಫ್ರೆಂಚ್ ರಚನಕಾರ ಡೆಬುಸಿ.

ಆ ಮೂವತ್ತು ಸೆಕೆಂಡಿನಲ್ಲಿ ಏನು ಮಾಡಬೇಕು? ಬೆರಳನ್ನು ಮೊದಲ ಸ್ವರದ ಮೇಲಿಟ್ಟು ನುಡಿಸಿ ನೋಡಲು ಹೊರಡುವವರೇ ಜಾಸ್ತಿ. ಎರಡು ಬಾರ್ (ಸ್ವರಲಿಪಿಯಲ್ಲಿ ತಾಳದ ಒಂದೊಂದು ಸುತ್ತಿನ ಖಾನೆ) ದಾಟುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಹಾಗೆ ಮಾಡಬೇಡಿ. ಮೊದಲು ಎಷ್ಟು ಶಾರ್ಪ್ (ಸ್ವರ ಏರಿಸುವ ಗುರುತು), ಎಷ್ಟು ಫ್ಲಾಟ್ (ಇಳಿಸುವ ಗುರುತು) ಅಂತ ನೋಡಿ, ಕೊನೆಯ ಸ್ವರ ನೋಡಿ. ಆಧಾರ ಸ್ವರ ಯಾವುದು ಅಂತ ಸಿಕ್ಕಿತು. ಆಮೇಲೆ ತಾಳ. ಆಮೇಲೆ ಪುಟದ ಮೇಲೆ ಕಣ್ಣಾಡಿಸಿ ಅತಿ ಕಪ್ಪಾಗಿರುವ ಜಾಗ ಹುಡುಕಿ. ಅಂದರೆ ಸಣ್ಣ ಸ್ವರಗಳು ಒತ್ತೊತ್ತಾಗಿ ತುಂಬಿರುವ ಬಾರ್. ಆ ಬಾರನ್ನು ಯಾವ ವೇಗದಲ್ಲಿ ನುಡಿಸಬಲ್ಲಿರೋ ಅದೇ ನಿಮ್ಮ ವೇಗ. ಮೊದಲ ಸಾಲು ಸುಲಭ ಅಂತ ಓಡಿದರೆ ಆ ಬಾರಿನಲ್ಲಿ ಮುಗ್ಗರಿಸುತ್ತೀರಿ. ಕೊನೆಗೆ, ಶುರು ಮಾಡುವ ಮುಂಚೆ ಮನಸ್ಸಿನಲ್ಲಿ ಒಂದು ಬಾರ್ ಪೂರ್ತಿ ಎಣಿಸಿ.

ನುಡಿಸಲು ಶುರು ಮಾಡಿದ ಮೇಲೆ ಇರುವುದು ಒಂದೇ ನಿಯಮ. ನಿಲ್ಲಬೇಡಿ. ಸ್ವರ ತಪ್ಪಿದರೆ ತಪ್ಪಲಿ, ಲಯ ಬಿಡಬೇಡಿ. ಇದಕ್ಕೆ ಕಾರಣ ಸರಳ. ನಾಳೆ ಅವರು ನಿಮ್ಮನ್ನು ಆರ್ಕೆಸ್ಟ್ರಾದಲ್ಲೋ, ನಾಲ್ಕು ಜನರ ಗುಂಪಿನಲ್ಲೋ ಕೂರಿಸಬೇಕು. ಅಲ್ಲಿ ಒಂದು ಸ್ವರ ತಪ್ಪಿದವರನ್ನು ಉಳಿದವರು ಸಹಿಸುತ್ತಾರೆ. ತಪ್ಪನ್ನು ತಿದ್ದಲು ಹಿಂದಕ್ಕೆ ಹೋದವರಿಂದ ಎಲ್ಲರೂ ನಿಲ್ಲಬೇಕಾಗುತ್ತದೆ. ದಿನಕ್ಕೆ ಒಂದು ಹೊಸ ಪುಟ, ಹಿಂತಿರುಗಿ ನೋಡದೆ. ಆರು ತಿಂಗಳಲ್ಲಿ ಫರಕು ನಿಮಗೇ ಕಾಣುತ್ತದೆ.

ಕಿವಿಯ ಪರೀಕ್ಷೆಯಲ್ಲಿ ಅವರು ನುಡಿಸಿದ್ದನ್ನು ಹಾಡಬೇಕು, ಲಯವನ್ನು ಚಪ್ಪಾಳೆಯಲ್ಲಿ ಹೇಳಬೇಕು, ಎರಡು ಸ್ವರಗಳ ಅಂತರ ಗುರುತಿಸಬೇಕು. ಧ್ವನಿ ಚೆನ್ನಾಗಿರಬೇಕು ಅಂತೇನಿಲ್ಲ, ಶ್ರುತಿ ಸೇರಿದರೆ ಸಾಕು. ಸಿದ್ಧಾಂತದ ಲಿಖಿತ ಪರೀಕ್ಷೆ ಇದ್ದರೆ ಅದು ಎಷ್ಟೋ ಕಡೆ ಸೀಟಿಗಲ್ಲ, ಯಾವ ತರಗತಿಯಲ್ಲಿ ಕೂರಿಸಬೇಕು ಅಂತ ತಿಳಿಯಲು ಮಾತ್ರ.

ಪೆನ್ಸಿಲ್ ಕೆಳಗಿಟ್ಟ ಹೊತ್ತು

ಒಂದು ಆಡಿಷನ್ ನನ್ನ ಕಣ್ಣ ಮುಂದೆ ಈಗಲೂ ಹಾಗೇ ಇದೆ. ಕ್ಲಾರಿನೆಟ್ ಹುಡುಗಿ. ಕೃತಿಯನ್ನು ಚೆನ್ನಾಗಿಯೇ ನುಡಿಸಿದಳು, ಅಂಥ ವಿಶೇಷವೇನೂ ಇರಲಿಲ್ಲ. ಅವತ್ತು ಅವಳಿಗಿಂತ ಚುರುಕಾಗಿ ನುಡಿಸಿದವರು ಇಬ್ಬರು ಆಗಲೇ ಬಂದು ಹೋಗಿದ್ದರು. ಕ್ಲಾರಿನೆಟ್ ಅಧ್ಯಾಪಕರು ಎದ್ದು ಸ್ಟ್ಯಾಂಡ್ ಹತ್ತಿರ ಬಂದರು. ಒಂದು ಸಾಲಿನ ಮೇಲೆ ಬೆರಳಿಟ್ಟು, "ಈ ನಾಲ್ಕು ಬಾರ್ ಇದೆಯಲ್ಲ, ಇದನ್ನು ಯಾರ ಕಿವಿಯಲ್ಲೋ ಗುಟ್ಟು ಹೇಳುವ ಹಾಗೆ ನುಡಿಸಿ ನೋಡೋಣ" ಅಂದರು.

ಅವಳು ತಕ್ಷಣ ವಾದ್ಯ ಎತ್ತಲಿಲ್ಲ. ಹಾಳೆ ನೋಡಿದಳು. ಸದ್ದಿಲ್ಲದೆ ಬೆರಳು ಆಡಿಸಿದಳು. "ಗುಟ್ಟು ಅಂದರೆ ಮಧ್ಯದಲ್ಲಿ ಉಸಿರು ತಗೊಳ್ಳಬಾರದು ಅಲ್ವಾ ಸರ್? ಇಲ್ಲಿ ತಗೊಂಡು ಆ ಕೊನೆಯವರೆಗೂ ಹೋಗಲಾ?" ಅಂತ ಕೇಳಿದಳು. ಅವರು ತಲೆಯಾಡಿಸಿದರು. ನಾನು ಪಿಯಾನೋದ ಸದ್ದು ಇಳಿಸಿದೆ. ಅವಳು ನುಡಿಸಿದಳು. ಮೂರನೇ ಬಾರಿನಲ್ಲಿ ಮೆಲ್ಲಗೆ ಹೋಗಲು ಹೋಗಿ ಸ್ವರವೇ ಒಡೆದು ಕೀರಲಾಯಿತು. ಮುಖ ಕಿವುಚಲಿಲ್ಲ, ಸಾರಿ ಅನ್ನಲಿಲ್ಲ. "ಇನ್ನೊಂದು ಸಲ?" ಅಂದಳು. ಎರಡನೇ ಸಲ ಆ ನಾಲ್ಕು ಬಾರ್ ಒಂದೇ ಉಸಿರಿನಲ್ಲಿ, ಎಲ್ಲಿಂದಲೋ ತೇಲಿ ಬಂದ ಹಾಗೆ ಬಂತು. ಮೇಜಿನ ಆಚೆಯವರು ಪೆನ್ಸಿಲ್ ಕೆಳಗಿಟ್ಟು ಕೇಳುತ್ತಿದ್ದರು.

ಅವಳಿಗೆ ಸೀಟು ಸಿಕ್ಕಿತು. ಆ ಎರಡು ನಿಮಿಷದಲ್ಲಿ ಅವರು ಹುಡುಕುತ್ತಿದ್ದುದೆಲ್ಲ ಇತ್ತು. ಹೇಳಿದ್ದನ್ನು ಕೇಳಿದಳು, ಅದನ್ನು ವಾದ್ಯದ ಭಾಷೆಗೆ ತಂದುಕೊಂಡಳು, ಸುರಕ್ಷಿತ ದಾರಿ ಬಿಟ್ಟು ಪ್ರಯತ್ನಿಸಿದಳು, ಕೆಟ್ಟದ್ದಕ್ಕೆ ಕುಗ್ಗದೆ ಮತ್ತೆ ನುಡಿಸಿದಳು.

ಎಲ್ಲ ಕಡೆ ಹೀಗೆ ಕಲಿಸಿ ನೋಡುವುದಿಲ್ಲ. ಆದರೆ ಮಾಡಿದರೆ ಅದನ್ನು ಟೀಕೆ ಅಂತ ತಗೋಬೇಡಿ. ನಿಮ್ಮಲ್ಲಿ ಆಸಕ್ತಿ ಹುಟ್ಟಿದ್ದಕ್ಕೇ ಅವರು ಎದ್ದು ಬಂದಿರುವುದು. ಬದಲಾವಣೆಯನ್ನು ದೊಡ್ಡದಾಗಿ ಮಾಡಿ. ಮೆಲ್ಲಗೆ ಅಂದರೆ ನಿಜಕ್ಕೂ ಮೆಲ್ಲಗೆ. ಕೂದಲೆಳೆಯಷ್ಟು ಬದಲಿಸಿದರೆ ಅವರಿಗೆ ಕೇಳಿಸುವುದೇ ಇಲ್ಲ. ಇದಕ್ಕೂ ತಯಾರಿ ಮಾಡಬಹುದು. ನಿಮ್ಮ ಕೃತಿಯ ಒಂದು ಸಾಲನ್ನು ನಾಲ್ಕು ರೀತಿ ನುಡಿಸಿ: ನಿಧಾನವಾಗಿ, ಸಿಟ್ಟಿನಿಂದ, ಕುಣಿಯುವ ಹಾಗೆ, ಬಿಡಿಬಿಡಿಯಾಗಿ. ಒಂದೇ ಅಚ್ಚಿನಲ್ಲಿ ಗಟ್ಟಿಯಾದ ಕೃತಿಯನ್ನು ಕೋಣೆಯಲ್ಲಿ ಬಗ್ಗಿಸಲು ಆಗುವುದಿಲ್ಲ.

ಸಂದರ್ಶನವೂ ಇದೇ ಕುತೂಹಲದ ಮುಂದುವರಿಕೆ. ಇತ್ತೀಚೆಗೆ ಏನು ಕೇಳಿದಿರಿ, ಯಾಕೆ ಇಷ್ಟವಾಯಿತು ಅನ್ನುತ್ತಾರೆ. ನಿಜವಾಗಿ ಕೇಳಿದ್ದನ್ನು ಹೇಳಿ.

ಅಭ್ಯಾಸ, ಪಕ್ಕವಾದ್ಯ, ನಡುಕ

ಎಷ್ಟು ಗಂಟೆ ಅಭ್ಯಾಸ ಮಾಡಬೇಕು ಅಂತ ಎಲ್ಲರೂ ಕೇಳುತ್ತಾರೆ. 2009ರಲ್ಲಿ ಟೆಕ್ಸಾಸ್‌ನ ಸಂಶೋಧಕರು ಹದಿನೇಳು ಪಿಯಾನೋ ವಿದ್ಯಾರ್ಥಿಗಳಿಗೆ ರಷ್ಯಾದ ರಚನಕಾರ ಶೋಸ್ತಕೋವಿಚ್‌ನ ಕನ್ಚರ್ಟೋದ ಒಂದು ಸಣ್ಣ ಭಾಗ ಕೊಟ್ಟು ಕಲಿಯಲು ಬಿಟ್ಟ ಅಧ್ಯಯನ ಪ್ರಕಟವಾಯಿತು. ಮರುದಿನ ಯಾರು ಚೆನ್ನಾಗಿ ನುಡಿಸಿದರು ಅನ್ನುವುದಕ್ಕೂ, ಹಿಂದಿನ ದಿನ ಎಷ್ಟು ಹೊತ್ತು, ಎಷ್ಟು ಸಲ ನುಡಿಸಿದ್ದರು ಅನ್ನುವುದಕ್ಕೂ ಸಂಬಂಧ ಕಾಣಲಿಲ್ಲ. ಮುಂದಿದ್ದವರು ಬೇರೆಯಾಗಿದ್ದು ಒಂದೇ ವಿಷಯದಲ್ಲಿ. ತಪ್ಪು ಎಲ್ಲಿ ಆಗುತ್ತಿದೆ ಅಂತ ಸರಿಯಾಗಿ ಹಿಡಿದು, ಅಲ್ಲಿ ನಿಧಾನ ಮಾಡಿ, ಸರಿಹೋಗುವವರೆಗೆ ಅದನ್ನೇ ತಿದ್ದಿ ಮುಂದೆ ಹೋಗುತ್ತಿದ್ದರು. ಉಳಿದವರು ತಪ್ಪಿನ ಮೇಲೇ ಹಾಯ್ದು ಹೋಗುತ್ತಿದ್ದರು.

ಕೊನೆಯ ಒಂದು ತಿಂಗಳು ಮಾತ್ರ ಅಭ್ಯಾಸದ ರೀತಿ ಬದಲಾಗಬೇಕು. ದಿನದ ಮೊದಲ ನುಡಿಸುವಿಕೆ, ಬೆರಳು ಬಿಸಿ ಮಾಡಿಕೊಳ್ಳದೆ, ಪೂರ್ತಿ ಕೃತಿ, ರೆಕಾರ್ಡರ್ ಹಚ್ಚಿ. ಮೆಟ್ಟಿಲು ಹತ್ತಿ ಇಳಿದು, ಎದೆಬಡಿತ ಏರಿದಾಗ ಕೂತು ನುಡಿಸಿ. ಮನೆಯವರನ್ನು, ಸ್ನೇಹಿತರನ್ನು ಸಾಲಾಗಿ ಕೂರಿಸಿ ನುಡಿಸಿ. ಅವರಿಗೆ ಮಧ್ಯದಲ್ಲಿ ನಿಲ್ಲಿಸಲು ಹೇಳಿ.

ಪಕ್ಕವಾದ್ಯದವರ ಬಗ್ಗೆ ನನ್ನದೊಂದು ಕಳಕಳಿಯ ಮಾತು. ನಮಗೆ ಕೊಡುವ ಹಾಳೆಯಲ್ಲಿ ಎಡಗೈಯ ಕೊನೆಯ ಸಾಲು ಕತ್ತರಿಸಿ ಹೋಗಿರಬಾರದು. ಪುಟಗಳನ್ನು ಅಂಟಿಸಿ ಫೈಲಿನಲ್ಲಿ ಹಾಕಿ. ಎಲ್ಲಿ ಬಿಡುತ್ತೀರಿ, ಎಲ್ಲಿ ಮತ್ತೆ ಬರುತ್ತೀರಿ ಅಂತ ದಪ್ಪಗೆ ಗುರುತು ಹಾಕಿ. ಅಲ್ಲಿಯೇ ಮೊದಲ ಸಲ ಭೇಟಿಯಾಗುತ್ತಿದ್ದರೆ ವೇಗ ತೋರಿಸಲು ಚಿಟಿಕೆ ಹೊಡೆಯಬೇಡಿ, ಮೊದಲ ಸಾಲನ್ನು ಮೆಲ್ಲಗೆ ಹಾಡಿ ತೋರಿಸಿ. ಚಿಟಿಕೆಯಲ್ಲಿ ವೇಗ ಮಾತ್ರ ಇರುತ್ತದೆ. ಹಾಡಿದರೆ ನೀವು ಎಲ್ಲಿ ಉಸಿರು ತಗೊಳ್ಳುತ್ತೀರಿ ಅನ್ನುವುದೂ ನನಗೆ ಗೊತ್ತಾಗುತ್ತದೆ. ನೀವು ಬಾರ್ ಹಾರಿಸಿದರೆ ಗಾಬರಿಯಾಗಬೇಡಿ. ನಾವು ನಿಮ್ಮನ್ನು ಹಿಡಿದುಕೊಳ್ಳುತ್ತೇವೆ, ನೀವು ಮುಂದೆ ಹೋಗುತ್ತಿರಿ.

ಕೈ ನಡುಗುವುದು, ಬಾಯಿ ಒಣಗುವುದು ನಿಮ್ಮ ದೌರ್ಬಲ್ಯ ಅಲ್ಲ, ಅಡ್ರಿನಲಿನ್ ಕೆಲಸ. ಅದು ಬರುತ್ತದೆ ಅಂತ ಗೊತ್ತಿದ್ದರೆ ಅರ್ಧ ಭಯ ಹೋದ ಹಾಗೆ. ಉಸಿರನ್ನು ಒಳಗೆ ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದರ ಮೇಲೆ ಗಮನ ಇಡಿ, ಎದೆಬಡಿತ ಇಳಿಯುತ್ತದೆ. ನಡುಕ ನಿಲ್ಲಿಸಲು ಮಾತ್ರೆ ನುಂಗುವವರಿದ್ದಾರೆ. ಅವು ಹೃದಯಕ್ಕೆ ಕೊಡುವ ಔಷಧಿಗಳು, ಉಬ್ಬಸ ಇರುವವರಿಗೆ ಅಪಾಯ. ವೈದ್ಯರನ್ನು ಕೇಳದೆ ಯಾರೋ ಕೊಟ್ಟರು ಅಂತ ತಗೋಬೇಡಿ.

ನೀವು ಒಳಗೆ ಬರುವುದು, ನಿಲ್ಲುವುದು, ಮುಗಿಸುವುದು ಕೂಡ ಅವರಿಗೆ ಕಾಣುತ್ತಿರುತ್ತದೆ. 2013ರಲ್ಲಿ ಪ್ರಕಟವಾದ ಚಿಯಾ ಜುಂಗ್ ತ್ಸೈ ಅವರ ಅಧ್ಯಯನದಲ್ಲಿ ಸಂಗೀತ ಸ್ಪರ್ಧೆಗಳ ಕೆಲವೇ ಸೆಕೆಂಡಿನ ತುಣುಕುಗಳನ್ನು ಜನರಿಗೆ ತೋರಿಸಿ ಗೆದ್ದವರು ಯಾರು ಅಂತ ಕೇಳಿದರು. ಸದ್ದು ಕೇಳಿದವರಿಗಿಂತ, ಸದ್ದಿಲ್ಲದ ವಿಡಿಯೋ ನೋಡಿದವರು ಹೆಚ್ಚು ಸರಿಯಾಗಿ ಹೇಳಿದರು. ವೃತ್ತಿಪರ ಸಂಗೀತಗಾರರ ಕತೆಯೂ ಅದೇ. ನಟಿಸಬೇಕು ಅಂತ ನಾನು ಹೇಳುತ್ತಿಲ್ಲ. ಕೊನೆಯ ಸ್ವರ ಕರಗುವ ಮುಂಚೆಯೇ ಕೈ ಇಳಿಸಿ ಮುಖ ಸಣ್ಣ ಮಾಡಿಕೊಂಡರೆ, ಚೆನ್ನಾಗಿ ನುಡಿಸಿದ್ದನ್ನೂ ನೀವೇ ಕೆಡಿಸಿದ ಹಾಗೆ. ಸದ್ದು ಪೂರ್ತಿ ನಿಲ್ಲುವವರೆಗೆ ಸಂಗೀತದೊಳಗೇ ಇರಿ.

ಅವತ್ತು ಹೊಸ ಬಟ್ಟೆ ಬೇಡ, ತೋಳು ಆಡುವ ಬಟ್ಟೆ ಇರಲಿ. ಪಿಯಾನೋದವರು ಅಭ್ಯಾಸದಲ್ಲಿ ಹಾಕಿದ ಚಪ್ಪಲಿ ಅಥವಾ ಶೂನಲ್ಲೇ ಬನ್ನಿ, ಇಲ್ಲದಿದ್ದರೆ ಪೆಡಲ್ ಹಿಡಿತ ಬದಲಾಗುತ್ತದೆ. ಊದುವವರು ಹೆಚ್ಚುವರಿ ರೀಡ್, ತಂತಿಯವರು ಹೆಚ್ಚುವರಿ ತಂತಿ ಇಟ್ಟುಕೊಳ್ಳಿ.

ಆಮೇಲೆ

ಫಲಿತಾಂಶ ಮೂರು ರೀತಿ ಬರುತ್ತದೆ: ಹೌದು, ಇಲ್ಲ, ಕಾಯಿರಿ. ಕಾಯುವ ಪಟ್ಟಿಯನ್ನು ಹಗುರವಾಗಿ ತಗೋಬೇಡಿ. ಒಬ್ಬರೇ ನಾಲ್ಕೈದು ಕಡೆ ಅರ್ಜಿ ಹಾಕಿರುತ್ತಾರೆ, ಸೇರುವುದು ಒಂದು ಕಡೆ. ಅವರು ಬಿಟ್ಟ ಜಾಗಗಳು ಆ ಪಟ್ಟಿಯವರಿಗೆ ಬರುತ್ತವೆ. ಇನ್ನೂ ಆಸಕ್ತಿ ಇದೆ ಅಂತ ಎರಡು ಸಾಲು ಬರೆದು ತಿಳಿಸಿ. ಸೀಟು ಸಿಕ್ಕವರು ವಿದ್ಯಾರ್ಥಿವೇತನದ ಬಗ್ಗೆ ವಿಚಾರಿಸಿ. ಎಷ್ಟೋ ಕಡೆ ಅದನ್ನೂ ಆಡಿಷನ್ ನೋಡಿಯೇ ಕೊಡುತ್ತಾರೆ.

ಇಲ್ಲ ಅಂತ ಬಂದರೆ, ಅಭಿಪ್ರಾಯ ಹೇಳುತ್ತೀರಾ ಅಂತ ಕೇಳಿ. ಕೆಲವು ಕಡೆ ಬರೆದು ಕೊಡುತ್ತಾರೆ. ಮುಂದಿನ ವರ್ಷ ಮತ್ತೆ ಹೋಗುವುದಾದರೆ ಕನಿಷ್ಠ ಒಂದು ಕೃತಿಯನ್ನಾದರೂ ಬದಲಿಸಿ. ವರ್ಷದಲ್ಲಿ ಎಷ್ಟು ದೂರ ಬಂದಿದ್ದೀರಿ ಅಂತ ಅವರಿಗೆ ಕಾಣಬೇಕು. ಅದಕ್ಕಿಂತ ಮೊದಲ ಕೆಲಸ, ಈ ವರ್ಷ ಯಾರ ಹತ್ತಿರ ಕಲಿಯುತ್ತೀರಿ ಅನ್ನುವುದನ್ನು ಗೊತ್ತು ಮಾಡಿಕೊಳ್ಳುವುದು. ವರ್ಡಿ ಮಾಡಿದ್ದೂ ಅದನ್ನೇ. ಶಾಲೆ ಬೇಡ ಅಂದ ಮೇಲೂ ಮಿಲಾನ್ ಬಿಟ್ಟು ಹೋಗಲಿಲ್ಲ. ಲಾ ಸ್ಕಾಲಾ ರಂಗಮಂದಿರದಲ್ಲಿ ಕೆಲಸ ಮಾಡಿದ್ದ ವಿನ್ಚೆಂಜೊ ಲವಿನ್ಯಾ ಅನ್ನುವವರ ಬಳಿ ಖಾಸಗಿಯಾಗಿ ಪಾಠಕ್ಕೆ ಸೇರಿಕೊಂಡ. ಏಳು ವರ್ಷದ ಮೇಲೆ, 1839ರಲ್ಲಿ, ಅವನ ಮೊದಲ ಒಪೆರಾ ಅದೇ ಲಾ ಸ್ಕಾಲಾದಲ್ಲಿ ರಂಗ ಹತ್ತಿತು.